ಗೂಗಲ್ ಬರುತ್ತದೆ, ಅಡಿಕೆ ಧಾರಣೆ ಬರುವುದಿಲ್ಲ. ಎಂತ ಮಾಡುವುದು?

ತೋಟದಂಚು (ಶಿರಸಿ, ಹುಲೇಕಲ್ ಕಡೆ)
ಜೂನ್ 11, ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ಕಂಪ್ಯೂಟರ್ ಬಲ್ಲವರು ಇಲ್ಲಿ ಸುಮಾರು ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ಮೊನ್ನೆ ಮೃಗಶಿರಾ ಮಳೆ ಹಿಡಿದ ದಿನವೇ ದೊಡ್ಡ ಗುಡುಗು. ಮೊದಲ ಸಿಡಿಲಿಗೇ ರೂಟರ್ ಸತ್ತಿತು. ಎರಡು ದಿನ ಕರೆಂಟೂ ಇರಲಿಲ್ಲ. ನಿನ್ನೆ ಪೇಟೆಯಿಂದ ಹೊಸ ರೂಟರ್ ತಂದೆವು. ಅಕ್ಕನ ಮಗ ರಜೆಗೆ ಬಂದಿದ್ದಾನೆ, ಅವನೇ ಕೂತು ಜೋಡಿಸಿದ. ಫೋನಿಗೆ ವೈಫೈ ಬಂತು. ವಾಟ್ಸಾಪ್ ಓಡುತ್ತದೆ, ಯೂಟ್ಯೂಬ್ ಓಡುತ್ತದೆ. ಆದರೆ ಡೆಸ್ಕ್‌ಟಾಪ್‌ನಲ್ಲಿ ಕ್ರೋಮ್ ತೆರೆದರೆ ಒಂದೇ ಒಂದು ಪುಟ ಬರುವುದಿಲ್ಲ. ಗೂಗಲ್ಲೇ ಬರುವುದಿಲ್ಲ. ಪರದೆ ಮೇಲೆ ಇಂಗ್ಲಿಷಿನಲ್ಲಿ ಎಂತದ್ದೋ ಬರುತ್ತದೆ, ನಾನು ಮುಚ್ಚುತ್ತೇನೆ.

ಕಂಪ್ಯೂಟರ್ ಹಳೆಯದು. ವಿಂಡೋಸ್ 10 ಇದೆ. ರೂಟರ್‌ಗೆ ಲ್ಯಾನ್ ವಯರಿನಿಂದ ಜೋಡಿಸಿದ್ದು. ಸಿಡಿಲಿಗೆ ಇದೂ ಹೋಯಿತಾ ಅಂತ ಹೆದರಿಕೆ. ದಿನಾ ಸಂಜೆ ರಾಶಿ, ಚಾಲಿ ಅಡಿಕೆಯ ರೇಟು ಎಷ್ಟಾಯಿತು ಅಂತ ನೋಡದಿದ್ದರೆ ಅಪ್ಪಯ್ಯನಿಗೆ ಊಟ ಸೇರುವುದಿಲ್ಲ. ಫೋನಿನ ಸಣ್ಣ ಅಕ್ಷರ ಅವರಿಗೆ ಕಾಣುವುದೂ ಇಲ್ಲ.

ಬಿಡ್ಕಿಬೈಲ್ (ಶಿರಸಿ ಪೇಟೆ)
ಜೂನ್ 11, ರಾತ್ರಿ 9:34

ಡಿಎನ್‌ಎಸ್ ಬದಲಿಸಿ. 8.8.8.8 ಹಾಕಿ, ಕೆಳಗಿನ ಸಾಲಿಗೆ 1.1.1.1 ಹಾಕಿ. ನಮ್ಮ ಮನೆಯಲ್ಲಿ ಹೋದ ವರ್ಷ ಹೀಗೇ ಆಗಿತ್ತು, ಎರಡು ನಿಮಿಷದಲ್ಲಿ ಸರಿ.

ಕಾಳಿದಂಡೆ (ಕಾರವಾರ)
ಜೂನ್ 11, ರಾತ್ರಿ 9:50

ತಡೆಯಿರಿ ಮಾರಾಯ್ರೇ. ಡಿಎನ್‌ಎಸ್ ಬದಲಿಸಿ ಅನ್ನುವುದು ನಮ್ಮ ಕಡೆ ಕಷಾಯ ಕುಡಿ ಅಂದ ಹಾಗೆ ಆಗಿದೆ. ಶೀತಕ್ಕೂ ಅದೇ, ಹೊಟ್ಟೆನೋವಿಗೂ ಅದೇ.

ಡಿಎನ್‌ಎಸ್ ಅಂದರೆ ಹೆಸರಿನಿಂದ ನಂಬರ್ ಹುಡುಕಿಕೊಡುವ ಪುಸ್ತಕ ಇದ್ದಂತೆ. ಅದು ಕೈಕೊಟ್ಟರೆ ಕ್ರೋಮ್ ಬೇರೆ ಮಾತು ಹೇಳುತ್ತದೆ. ಕೆಳಗೆ ಸಣ್ಣಕ್ಷರದಲ್ಲಿ 'ಡಿಎನ್‌ಎಸ್ ಪ್ರೋಬ್' ಅಂತಲೇ ಶುರುವಾಗುವ ಒಂದು ಸಾಲು ಇರುತ್ತದೆ. ಸಂಪರ್ಕವೇ ಇಲ್ಲದಿದ್ದರೆ ಡೈನೋಸಾರ್ ಚಿತ್ರ ಬರುತ್ತದೆ. ಪ್ರಾಕ್ಸಿ (ಪುಟ ತಂದುಕೊಡಲು ನಡುವೆ ನಿಲ್ಲುವ ಕಂಪ್ಯೂಟರ್) ತೊಂದರೆ ಆದರೆ ಪ್ರಾಕ್ಸಿ ಅಂತಲೇ ಬರೆಯುತ್ತದೆ. ಅದು ಪಾಪ ತನಗೆ ಎಲ್ಲಿ ನೋವು ಅಂತ ಹೇಳುತ್ತಾ ಇರುತ್ತದೆ, ನಾವು ಓದದೆ ಮುಚ್ಚುತ್ತೇವೆ.

ತೋಟದಂಚಿನವರೇ, ಇನ್ನೊಂದು ಸಲ ತೆರೆದು, ಬರೆದದ್ದನ್ನು ಅಕ್ಷರ ಬಿಡದೆ ಓದಿ ಇಲ್ಲಿ ಹಾಕಿ. ಹಾಗೇ ಪರದೆಯ ಬಲಗಡೆ ಮೂಲೆಯಲ್ಲಿ ಇವತ್ತಿನ ತಾರೀಕು ಎಷ್ಟು ತೋರಿಸುತ್ತಿದೆ ನೋಡಿ.

ತೋಟದಂಚು
ಜೂನ್ 11, ರಾತ್ರಿ 10:05

ನಗಬೇಡಿ. ಅದರಲ್ಲಿ ಬರೆದದ್ದು 'ನಿಮ್ಮ ಗಡಿಯಾರ ಹಿಂದಿದೆ' ಅಂತ. ಮೂಲೆಯಲ್ಲಿ 2012ರ ಜನವರಿ 1 ಇದೆ.

ಕಡವು (ಹೊನ್ನಾವರ)
ಜೂನ್ 11, ರಾತ್ರಿ 10:07

2012ರಲ್ಲಿ ಅಡಿಕೆ ರೇಟು ಎಷ್ಟಿತ್ತು ಅಂತಲಾದರೂ ನೋಡಬಹುದಿತ್ತು.

ಪ್ರಿಂಟ್ ಅಂಗಡಿ (ಕುಮಟಾ)
ಜೂನ್ 11, ರಾತ್ರಿ 10:31

ನನ್ನ ಅಂಗಡಿಗೆ ಪ್ರತಿ ಮಳೆಗಾಲ ಇಂಥ ನಾಲ್ಕೈದು ಕಂಪ್ಯೂಟರ್ ಬರುತ್ತವೆ. ಸಿಡಿಲಿಗೂ ಇದಕ್ಕೂ ನೇರ ಸಂಬಂಧ ಇಲ್ಲ. ಹೆದರಬೇಡಿ.

ಒಳಗಿನ ಬೋರ್ಡಿನ ಮೇಲೆ ಒಂದು ರೂಪಾಯಿ ನಾಣ್ಯದಂಥ ಬ್ಯಾಟರಿ ಇರುತ್ತದೆ. ಹೆಸರು ಸಿಆರ್ 2032. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, ಆ ನಂಬರಿನ ಅರ್ಥವೇ ಅದು. 3 ವೋಲ್ಟಿನದು. ಕರೆಂಟ್ ಇಲ್ಲದಾಗ ಗಡಿಯಾರ ಓಡಿಸುವುದು ಅದರ ಕೆಲಸ. ಅದು ಸತ್ತಿದ್ದರೂ ಕರೆಂಟ್ ಇರುವ ತನಕ ಗೊತ್ತಾಗುವುದಿಲ್ಲ. ಎರಡು ದಿನ ಕರೆಂಟ್ ಹೋದಾಗ ಗಡಿಯಾರ ನಿಂತಿದೆ, ವಾಪಸ್ ಬಂದಾಗ ಕಾರ್ಖಾನೆಯ ತಾರೀಕಿಗೆ ಹೋಗಿ ಕೂತಿದೆ.

ತಾರೀಕು ತಪ್ಪಿದರೆ ಪುಟ ಯಾಕೆ ಬರುವುದಿಲ್ಲ? ವಿಳಾಸ ಎಚ್‌ಟಿಟಿಪಿಎಸ್ ಅಂತ ಶುರುವಾಗುವ ಪ್ರತಿ ಸೈಟಿಗೂ ಒಂದು ಪ್ರಮಾಣಪತ್ರ ಇರುತ್ತದೆ. ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅದರಲ್ಲಿ ಬರೆದಿರುತ್ತದೆ. ನಿಮ್ಮ ಕಂಪ್ಯೂಟರ್ 2012ರಲ್ಲಿ ಕೂತು ನೋಡಿದರೆ ಆ ಪತ್ರ ಇನ್ನೂ ಹುಟ್ಟಿಯೇ ಇಲ್ಲ. ನಂಬದೆ ಬಾಗಿಲು ಹಾಕುತ್ತದೆ. ಈಗ ಹೆಚ್ಚುಕಮ್ಮಿ ಎಲ್ಲಾ ಸೈಟೂ ಹಾಗೇ ಇರುವುದರಿಂದ ಎಲ್ಲವೂ ಒಟ್ಟಿಗೇ ಬಂದ್.

ವಿಂಡೋಸ್ ತಾನಾಗಿಯೇ ನೆಟ್‌ನಿಂದ ಸಮಯ ತಿದ್ದಿಕೊಳ್ಳುತ್ತದಲ್ಲ ಅಂತ ಕೇಳಬಹುದು. ತಿದ್ದುತ್ತದೆ, ಆದರೆ ಮನೆ ಕಂಪ್ಯೂಟರಿನಲ್ಲಿ ವ್ಯತ್ಯಾಸ 15 ತಾಸಿಗಿಂತ ಜಾಸ್ತಿ ಇದ್ದರೆ ಅದು ಕೈ ಹಾಕುವುದಿಲ್ಲ. ನೀವೇ ಒಂದು ಸಲ ಸರಿ ತಾರೀಕು, ವರ್ಷ, ಗಂಟೆ ಹಾಕಬೇಕು. ವರ್ಷ ಮರೆಯಬೇಡಿ, ಸುಮಾರು ಜನ ದಿನ ತಿಂಗಳು ತಿದ್ದಿ ವರ್ಷ ಹಾಗೇ ಬಿಡುತ್ತಾರೆ.

ಬ್ಯಾಟರಿ ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಬದಲಿಸುವಾಗ ಕರೆಂಟ್ ಪಿನ್ನು ಕಿತ್ತು, ಅಕ್ಷರ ಇರುವ ಮುಖ ಮೇಲೆ ಬರುವಂತೆ ಕೂರಿಸಿ. ಉಗುರಿನಲ್ಲಿ ಕೊಕ್ಕೆ ಒತ್ತಿದರೆ ಹಳೆಯದು ಚಿಮ್ಮಿ ಬರುತ್ತದೆ.

ತೋಟದಂಚು
ಜೂನ್ 11, ರಾತ್ರಿ 10:58

ತಾರೀಕು ತಿದ್ದಿದೆ. ಗೂಗಲ್ ಬಂತು! ಯೂಟ್ಯೂಬೂ ಬಂತು. ನಿಮಗೆಲ್ಲ ದೊಡ್ಡ ನಮಸ್ಕಾರ. ಬ್ಯಾಟರಿ ಪೇಟೆಗೆ ಹೋದಾಗ ತರುತ್ತೇನೆ.

ತೋಟದಂಚು
ಜೂನ್ 11, ರಾತ್ರಿ 11:16

ಸಂತೋಷ ಜಾಸ್ತಿ ಹೊತ್ತು ಇರಲಿಲ್ಲ. ಗೂಗಲ್‌ನಲ್ಲಿ ಹುಡುಕಿದರೆ ಪಟ್ಟಿ ಬರುತ್ತದೆ. ಪಟ್ಟಿಯಲ್ಲಿ ಒತ್ತಿದರೆ ಚಕ್ರ ತಿರುಗುತ್ತಲೇ ಇರುತ್ತದೆ. ಅಡಿಕೆ ಧಾರಣೆಯ ಪುಟ ಇಲ್ಲ. ಬ್ಯಾಂಕಿನದು ಇಲ್ಲ. ಪಹಣಿ ನೋಡುವ ಪುಟವೂ ಇಲ್ಲ. ಬೈಯುವುದೂ ಇಲ್ಲ, ತೆರೆಯುವುದೂ ಇಲ್ಲ, ಸುಮ್ನೆ ತಿರುಗುತ್ತದೆ. ಎರಡು ಮೂರು ನಿಮಿಷದ ಮೇಲೆ 'ಟೈಮ್ಡ್ ಔಟ್' ಅನ್ನುತ್ತದೆ. ಈ ಸಲ ಪೂರ್ತಿ ಓದಿದ್ದೇನೆ.

ಬಿಡ್ಕಿಬೈಲ್
ಜೂನ್ 11, ರಾತ್ರಿ 11:20

ಈಗ ಡಿಎನ್‌ಎಸ್ ಬದಲಿಸಿ.

ತೋಟದಂಚು
ಜೂನ್ 11, ರಾತ್ರಿ 11:41

ಬದಲಿಸಿದೆ ಭಾವ. ನೀವು ಹೇಳಿದ ಎರಡೂ ನಂಬರ್ ಹಾಕಿದೆ. ಕಂಪ್ಯೂಟರ್ ಬಂದ್ ಮಾಡಿ ಮತ್ತೆ ಹಚ್ಚಿದೆ. ಏನೂ ವ್ಯತ್ಯಾಸ ಇಲ್ಲ. ಮಲಗುತ್ತೇನೆ.

ಕರಿ ಇಶಾಡು (ಅಂಕೋಲಾ)
ಜೂನ್ 12, ಬೆಳಿಗ್ಗೆ 7:10

ಕ್ರೋಮ್‌ನಲ್ಲಿ ಎಕ್ಸ್‌ಟೆನ್ಶನ್ ಏನಾದರೂ ಇದೆಯಾ, ಅಂದರೆ ಆಮೇಲೆ ಸೇರಿಸಿದ ಸಣ್ಣ ಪ್ರೋಗ್ರಾಂ? ನನ್ನ ಲ್ಯಾಪ್‌ಟಾಪ್‌ನಲ್ಲಿ ಒಮ್ಮೆ ಹೀಗೇ ಆಗಿತ್ತು. ನೆಟ್ ಸಂಪರ್ಕವನ್ನು ಬೇರೆ ದಾರಿಯಿಂದ ತಿರುಗಿಸುವ ಪುಕ್ಕಟೆ ವಿಪಿಎನ್ ಒಂದು ಹಾಕಿ ನೋಡಿದ್ದೆ, ಇಷ್ಟ ಆಗಲಿಲ್ಲ, ತೆಗೆದೆ. ಅದು ಹೋಗುವಾಗ ತನ್ನ ಪ್ರಾಕ್ಸಿ ಸೆಟ್ಟಿಂಗ್ ಮಾತ್ರ ಬಿಟ್ಟು ಹೋಗಿತ್ತು. ನೆಂಟ ಹೋದರೂ ಚಪ್ಪಲಿ ಜಗುಲಿಯಲ್ಲೇ ಉಳಿದ ಹಾಗೆ. ವಾರ ಒದ್ದಾಡಿದ್ದೇನೆ.

ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್, ಅದರೊಳಗೆ ಪ್ರಾಕ್ಸಿ ನೋಡಿ. ಕೈಯಾರೆ ಹಾಕುವ ಪ್ರಾಕ್ಸಿ ಆನ್ ಇದ್ದರೆ ಆಫ್ ಮಾಡಿ. ಆಮೇಲೆ ಇನ್‌ಕಾಗ್ನಿಟೋ ಕಿಟಕಿಯಲ್ಲಿ ಆ ಪುಟ ತೆರೆಯಿರಿ. ಅಲ್ಲಿ ಎಕ್ಸ್‌ಟೆನ್ಶನ್‌ಗಳು ನಾವು ಬಿಟ್ಟರೆ ಮಾತ್ರ ಓಡುತ್ತವೆ. ಅಲ್ಲಿ ಬಂದು ಇಲ್ಲಿ ಬರದಿದ್ದರೆ ಕಳ್ಳ ಸಿಕ್ಕಿದ ಹಾಗೆ.

ಕಡವು
ಜೂನ್ 12, ಬೆಳಿಗ್ಗೆ 8:02

ಪ್ಲಾನ್ ಮುಗಿದಿಲ್ಲ ಅಲ್ವಾ? ನಮ್ಮಲ್ಲಿ ದುಡ್ಡು ಕಟ್ಟುವ ದಿನ ದಾಟಿದರೆ ಅರ್ಧಂಬರ್ಧ ನಡೆಯುತ್ತದೆ. ನಾನು ಇಡೀ ದಿನ ರೂಟರ್ ಬಿಚ್ಚಿ ಹಾಕಿ ಮಾಡಿ, ಸಂಜೆ ಹೆಂಡತಿ ಕೇಳಿದಳು, ಈ ತಿಂಗಳ ಬಿಲ್ಲು ಕಟ್ಟಿದಿರಾ ಅಂತ.

ಕಾನಸೂರು ದಾರಿ (ಸಿದ್ದಾಪುರ)
ಜೂನ್ 12, ಬೆಳಿಗ್ಗೆ 8:40

ನೆಟ್ ತರುವ ಫೈಬರ್ ಎಲ್ಲೋ ಮಡಚಿರಬೇಕು. ನಮ್ಮಲ್ಲಿ ವಯರು ಅಡಿಕೆ ಮರದಿಂದ ಮರಕ್ಕೆ ಬಂದಿದೆ. ಗಾಳಿಗೆ ಹೆಡೆ ಬಿದ್ದರೆ ಜಗ್ಗುತ್ತದೆ. ಮಂಗ ಜೋತುಬೀಳುತ್ತದೆ. ಫೈಬರ್ ಬಂದು ಸೇರುವ ಪೆಟ್ಟಿಗೆಯಲ್ಲಿ 'ಲಾಸ್' (ಬೆಳಕು ಬರುತ್ತಿಲ್ಲ) ಅಂತ ಕೆಂಪು ದೀಪ ಮಿನುಗುತ್ತಿದೆಯಾ ನೋಡಿ.

ಕಾಳಿದಂಡೆ
ಜೂನ್ 12, ಬೆಳಿಗ್ಗೆ 9:15

ಕೆಂಪು ದೀಪ ಇದ್ದರೆ ಯೂಟ್ಯೂಬೂ ಬರುತ್ತಿರಲಿಲ್ಲವಲ್ಲ. ಆದರೂ ಒಂದು ವಿಷಯ ಹೇಳಿಬಿಡುತ್ತೇನೆ. ಪೆಟ್ಟಿಗೆಯ ಪುಟದಲ್ಲಿ ಬೆಳಕಿನ ಬಲ ಎಷ್ಟು ಅಂತ ತೋರಿಸುತ್ತದೆ, ಮೈನಸ್ ಲೆಕ್ಕದಲ್ಲಿ. ಮೈನಸ್ 20ರ ಆಸುಪಾಸು ಇದ್ದರೆ ಅಡ್ಡಿಲ್ಲ. ಮೈನಸ್ 27 ಹತ್ತಿರ ಹೋದರೆ ಕಷ್ಟ. ಪ್ರತಿ 3 ಇಳಿದಾಗ ಬೆಳಕು ಅರ್ಧ ಆದ ಲೆಕ್ಕ.

ನನ್ನ ಅನುಮಾನ ಲ್ಯಾನ್ ವಯರಿನ ಮೇಲೆ. ನಮ್ಮದು ಸಮುದ್ರದಿಂದ ಅರ್ಧ ಮೈಲಿ. ಉಪ್ಪು ಗಾಳಿ. ಎರಡು ವರ್ಷದ ಕೆಳಗೆ ನಮ್ಮಲ್ಲಿ ಪುಟಗಳು ತುಂಡು ತುಂಡಾಗಿ ಬರುತ್ತಿದ್ದವು, ಫೋಟೋ ಅರ್ಧ ಬಂದು ನಿಲ್ಲುತ್ತಿತ್ತು. ಕಂಪನಿಗೆ ಫೋನ್ ಮಾಡಿ ಜಗಳ ಆಡಿದ್ದೇ ಆಡಿದ್ದು. ಕೊನೆಗೆ ವಯರಿನ ತುದಿ ಕಿತ್ತು ನೋಡಿದರೆ ಪಿನ್ನುಗಳ ಮೇಲೆ ಮೈಲುತುತ್ತದ ಬಣ್ಣದ ಕಿಲುಬು. ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿಸಿದೆ, ಅವತ್ತೇ ಸರಿ. ಜಗಳ ಆಡಿದ್ದಕ್ಕೆ ಈಗಲೂ ನಾಚಿಕೆ. ಸಸ್ತಾ ಕನೆಕ್ಟರಿಗೆ ಚಿನ್ನದ ಲೇಪ ತೆಳ್ಳಗಿರುತ್ತದೆ, ಕರಾವಳಿಯಲ್ಲಿ ತಾಳುವುದಿಲ್ಲ. ಘಟ್ಟದ ಮೇಲೆ ಇದು ಕಡಿಮೆ ಇರಬಹುದು.

ಮಾಗೋಡು (ಯಲ್ಲಾಪುರ)
ಜೂನ್ 12, ಬೆಳಿಗ್ಗೆ 11:30

ನಡುವೆ ಬಾಯಿ ಹಾಕುತ್ತೇನೆ. ಎಲ್ಲರೂ ಔಷಧಿ ಹೇಳುತ್ತಿದ್ದೀರಿ, ರೋಗ ಯಾವುದು ಅಂತ ಇನ್ನೂ ಗೊತ್ತಿಲ್ಲ. ತೋಟದಂಚಿನವರು ಇದನ್ನೆಲ್ಲ ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಅಂತಲೇ ತಿಳಿಯುವುದಿಲ್ಲ.

ಏನೂ ಬದಲಿಸಬೇಡಿ. ಮೂರು ವಿಷಯ ಮಾತ್ರ ನೋಡಿ ಹೇಳಿ.

ಫೋನಿನಲ್ಲಿ ಮೊಬೈಲ್ ಡೇಟಾ ಪೂರ್ತಿ ಆಫ್ ಮಾಡಿ, ವೈಫೈ ಮಾತ್ರ ಇಟ್ಟು, ಅದೇ ಅಡಿಕೆ ಪುಟ ತೆರೆಯಿರಿ. ಡೇಟಾ ಆನ್ ಇದ್ದರೆ ಕೆಲವು ಫೋನು ಗುಟ್ಟಾಗಿ ಅದಕ್ಕೆ ಹಾರುತ್ತವೆ, ಮೋಸ ಆಗುತ್ತದೆ. ಆಮೇಲೆ ಇದನ್ನು ತಿರುಗಿಸಿ: ಫೋನಿನ ಹಾಟ್‌ಸ್ಪಾಟ್‌ಗೆ ಕಂಪ್ಯೂಟರ್ ಜೋಡಿಸಿ, ಅದೇ ಪುಟ ತೆರೆಯಿರಿ. ಡೆಸ್ಕ್‌ಟಾಪ್‌ಗೆ ವೈಫೈ ಇಲ್ಲದಿದ್ದರೆ ಚಾರ್ಜಿಂಗ್ ವಯರಿನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಒತ್ತಿ. ಕೊನೆಗೆ, ಫೈರ್‌ಫಾಕ್ಸ್ ಇದ್ದರೆ ಅದರಲ್ಲಿ ತೆರೆಯಿರಿ. ಚಕ್ರ ತಿರುಗುವಾಗ ಕೆಳಗಡೆ ಎಡ ಮೂಲೆಯಲ್ಲಿ ಒಂದು ಸಣ್ಣ ಸಾಲು ಬರುತ್ತದೆ. ಯಾವ ಮಾತಿಗೆ ನಿಂತಿತು ಅಂತ ನೋಡಿ.

ತೋಟದಂಚು
ಜೂನ್ 12, ಮಧ್ಯಾಹ್ನ 1:05

ಈಗ ಆಗುವುದಿಲ್ಲ. ಅಡಿಕೆ ಮರ ಹತ್ತುವ ಕೊನೆಗೌಡ ಸಿಕ್ಕಿದ್ದಾನೆ, ಮಳೆ ಬಿಟ್ಟಿದೆ, ಕೊಳೆರೋಗದ ಔಷಧಿ ಹೊಡೆಸುತ್ತಿದ್ದೇನೆ. ಅವನು ಮರದ ಮೇಲೆ ಇರುವಾಗ ನಾನು ಕಂಪ್ಯೂಟರ್ ಮುಂದೆ ಕೂತರೆ ನಾಳೆಯಿಂದ ಬರುವುದಿಲ್ಲ. ರಾತ್ರಿ ನೋಡುತ್ತೇನೆ.

ಕಾನಸೂರು ದಾರಿ
ಜೂನ್ 12, ಮಧ್ಯಾಹ್ನ 1:20

ಕೊನೆಗೌಡ ಸಿಕ್ಕಿದ್ದಾನಾ! ಬ್ರೌಸರ್ ಹಾಳಾಗಲಿ, ಅವನ ನಂಬರ್ ಕೊಡಿ.

ತೋಟದಂಚು
ಜೂನ್ 12, ರಾತ್ರಿ 8:45

ನೋಡಿದೆ. ಆಶ್ಚರ್ಯ ಕಾದಿತ್ತು.

ಫೋನಿನಲ್ಲಿ ವೈಫೈ ಮಾತ್ರ ಇಟ್ಟರೆ ಫೋನಿನಲ್ಲೂ ಅಡಿಕೆ ಪುಟ ಬರುವುದಿಲ್ಲ! ಇಷ್ಟು ದಿನ ಬರುತ್ತಿದ್ದದ್ದು ಮೊಬೈಲ್ ಡೇಟಾದಲ್ಲಿ. ಟೆದರಿಂಗ್ ಮಾಡಿದರೆ ಕಂಪ್ಯೂಟರಿನಲ್ಲಿ ಎಲ್ಲಾ ಪುಟವೂ ಬರುತ್ತದೆ. ಬ್ಯಾಂಕೂ ಬಂತು, ಪಹಣಿಯೂ ಬಂತು. ಅಂದರೆ ಕಂಪ್ಯೂಟರಿನ ತಪ್ಪಲ್ಲ, ಅಲ್ವಾ?

ಫೈರ್‌ಫಾಕ್ಸ್‌ನಲ್ಲಿ ಮೂಲೆಯ ಸಾಲು 'ಪರ್ಫಾರ್ಮಿಂಗ್ ಎ ಟಿಎಲ್‌ಎಸ್ ಹ್ಯಾಂಡ್‌ಶೇಕ್' ಅಂತ ಬಂದು ಅಲ್ಲೇ ನಿಂತಿತು.

ಮಾಗೋಡು
ಜೂನ್ 12, ರಾತ್ರಿ 9:40

ಬಹಳ ಚೆನ್ನಾಗಿ ನೋಡಿದ್ದೀರಿ. ಕಂಪ್ಯೂಟರ್, ಕ್ರೋಮ್, ಎಕ್ಸ್‌ಟೆನ್ಶನ್, ಲ್ಯಾನ್ ವಯರು ಎಲ್ಲವೂ ಒಂದೇ ಏಟಿಗೆ ಬಿಡುಗಡೆ ಆದವು. ಹೊಸ ರೂಟರ್ ಅಥವಾ ಅದರ ಆಚೆ ಇದೆ ತೊಂದರೆ.

ಆ ಹ್ಯಾಂಡ್‌ಶೇಕ್ ಸಾಲೇ ನನಗೆ ಬೇಕಿದ್ದದ್ದು. ಪುಟ ತೆರೆಯುವ ಮೊದಲು ಏನೇನು ನಡೆಯುತ್ತದೆ ಅಂದರೆ, ಮೊದಲು ಹೆಸರಿನ ನಂಬರ್ ಹುಡುಕುವುದು. ಅದಾಗಿದೆ. ಆಮೇಲೆ 'ಇದ್ದೀರಾ?' 'ಇದ್ದೇನೆ' ಅಂತ ಮಾತು. ಅದೂ ಆಗಿದೆ. ಇವೆಲ್ಲ ಚಿಕ್ಕ ಚಿಕ್ಕ ಪೊಟ್ಟಣ. ಮುಂದೆ ಆ ಕಡೆಯವರು ತಮ್ಮ ಪ್ರಮಾಣಪತ್ರ ಕಳಿಸುತ್ತಾರೆ. ಮೊದಲ ಸಲ ದೊಡ್ಡ ಪೊಟ್ಟಣ ಬರುವುದು ಆಗಲೇ. ನಿಮ್ಮದು ಸರಿಯಾಗಿ ಅಲ್ಲೇ ನಿಂತಿದೆ. ಸಣ್ಣದು ದಾಟುತ್ತಿದೆ, ದೊಡ್ಡದು ದಾಟುತ್ತಿಲ್ಲ.

ನಮ್ಮ ಕಡೆಯ ಲೆಕ್ಕದಲ್ಲಿ ಹೇಳುತ್ತೇನೆ. ಬೆಟ್ಟದಿಂದ ಸೊಪ್ಪಿನ ಹೊರೆ ತರುತ್ತಿದ್ದೀರಿ. ತೋಟದ ದಣಪೆ, ಅಂದರೆ ಬೇಲಿಯ ದಾಟು, ಹೊರೆಗಿಂತ ಎರಡು ಬೆರಳು ಕಿರಿದು. ಮಾಮೂಲಿ ಆದರೆ ದಣಪೆ ಹತ್ತಿರ ಇದ್ದವರು 'ಹೊರೆ ಸಣ್ಣ ಕಟ್ಟಿಕೊಂಡು ಬನ್ನಿ' ಅಂತ ಕೂಗುತ್ತಾರೆ, ನೀವು ಕಟ್ಟು ಬಿಚ್ಚಿ ಸಣ್ಣ ಮಾಡುತ್ತೀರಿ. ಆದರೆ ಆ ಕೂಗು ಬೆಟ್ಟಕ್ಕೆ ಮುಟ್ಟದಿದ್ದರೆ? ಮೇಲಿನವರು ದೊಡ್ಡ ಹೊರೆಯನ್ನೇ ಕಳಿಸುತ್ತಾ ಇರುತ್ತಾರೆ, ಅದು ದಣಪೆಯಲ್ಲೇ ಬೀಳುತ್ತಾ ಇರುತ್ತದೆ. ತೋಟದಲ್ಲಿ ಕಾಯುವವರಿಗೆ ಚಕ್ರ ಮಾತ್ರ ಕಾಣುತ್ತದೆ.

ದಣಪೆಯ ಅಗಲಕ್ಕೆ ಎಂಟಿಯು ಅಂತ ಹೆಸರು. ಮಾಮೂಲಿ 1500 ಬೈಟ್. ಆದರೆ ಯೂಸರ್ ನೇಮ್, ಪಾಸ್‌ವರ್ಡ್ ಹಾಕಿ ಜೋಡಿಸುವ ಫೈಬರ್ ಸಂಪರ್ಕ ಸಾಮಾನ್ಯವಾಗಿ ಪಿಪಿಪಿಒಇ ಅನ್ನುವ ಪದ್ಧತಿಯದು. 1999ರಿಂದ ಇರುವ ಪದ್ಧತಿ. ಅದು ಪ್ರತಿ ಪೊಟ್ಟಣಕ್ಕೂ 8 ಬೈಟಿನ ಚೀಟಿ ಅಂಟಿಸುತ್ತದೆ. ಹಾಗಾಗಿ ಒಳಗಿನ ಸರಕಿಗೆ ಉಳಿಯುವುದು 1492. ರೂಟರ್‌ನಲ್ಲಿ 1492 ಇರಬೇಕಾದ ಜಾಗದಲ್ಲಿ 1500 ಇದ್ದರೆ ಸರಿಯಾಗಿ ನಿಮ್ಮಲ್ಲಿ ಆದಂತೆಯೇ ಆಗುತ್ತದೆ.

ಕಾಳಿದಂಡೆ
ಜೂನ್ 12, ರಾತ್ರಿ 9:52

ಹಾಗಾದರೆ ಗೂಗಲ್, ಯೂಟ್ಯೂಬ್ ಹೇಗೆ ದಾಟಿತು? ಯೂಟ್ಯೂಬ್‌ನ ಹೊರೆ ಎಲ್ಲಕ್ಕಿಂತ ದೊಡ್ಡದಲ್ಲವಾ?

ಮಾಗೋಡು
ಜೂನ್ 12, ರಾತ್ರಿ 10:10

ಒಳ್ಳೆ ಪ್ರಶ್ನೆ. ಒಟ್ಟು ಸರಕು ದೊಡ್ಡದು, ಆದರೆ ಕಟ್ಟು ಸಣ್ಣದು. ಗೂಗಲ್‌ನವರ ಸೈಟು ಮತ್ತು ಕ್ರೋಮ್ ನಡುವೆ ಕ್ವಿಕ್ ಅನ್ನುವ ಹೊಸ ಸಾಗಾಟ ನಡೆಯುತ್ತದೆ. ಅದು ಶುರುವಿನಿಂದಲೇ 1200 ಬೈಟಿನ ಆಸುಪಾಸಿನ ಪೊಟ್ಟಣ ಕಟ್ಟುತ್ತದೆ. ಯಾವ ದಣಪೆಯಲ್ಲೂ ತಾಗುವುದಿಲ್ಲ. ಹಳೇ ಟಿಸಿಪಿ ದಾರಿಯಲ್ಲಿ ಬರುವ ಸೈಟುಗಳು 1500 ತುಂಬಾ ಕಟ್ಟಿ ಕಳಿಸುತ್ತವೆ, ಸಿಕ್ಕಿಬೀಳುತ್ತವೆ. 'ಗೂಗಲ್ ಬರುತ್ತದೆ, ಬೇರೆ ಬರುವುದಿಲ್ಲ' ಅಂತ ಯಾರಾದರೂ ಅಂದ ತಕ್ಷಣ ನನಗೆ ಇದೇ ನೆನಪಾಗುವುದು.

ಆದರೆ ನನ್ನ ಮಾತು ನಂಬಬೇಡಿ, ಅಳೆದು ನೋಡಿ. ಟೆದರಿಂಗ್ ತೆಗೆದು ವಾಪಸ್ ಲ್ಯಾನ್ ವಯರಿಗೆ ಬನ್ನಿ. ಸ್ಟಾರ್ಟ್‌ನಲ್ಲಿ ಸಿಎಮ್‌ಡಿ ಅಂತ ಹೊಡೆದರೆ ಕಪ್ಪು ಕಿಟಕಿ ಬರುತ್ತದೆ. ಅದರಲ್ಲಿ ಹೀಗೆ ಬರೆಯಿರಿ. ನಾನು ಕನ್ನಡದಲ್ಲಿ ಹಾಕುತ್ತಿದ್ದೇನೆ, ನೀವು ಇಂಗ್ಲಿಷ್ ಅಕ್ಷರ ಹೊಡೆಯಿರಿ:

ಪಿಂಗ್ -ಎಫ್ -ಎಲ್ 1472 1.1.1.1

ಎಫ್ ಅಂದರೆ 'ಪೊಟ್ಟಣ ಒಡೆಯಬೇಡ'. ಎಲ್ ಅಂದರೆ ಅಳತೆ. ಎರಡೂ ಇಂಗ್ಲಿಷಿನ ಚಿಕ್ಕ ಅಕ್ಷರ, ಎಲ್ ಜಾಗದಲ್ಲಿ 1 ಎಂಬ ಅಂಕಿ ಹೊಡೆಯಬೇಡಿ. ಪಿಂಗ್ ತನ್ನ ಕಡೆಯಿಂದ 28 ಬೈಟ್ ಸೇರಿಸುತ್ತದೆ, ಹಾಗಾಗಿ 1472 ಅಂದರೆ ಒಟ್ಟು 1500. ಆಮೇಲೆ 1472 ಇದ್ದಲ್ಲಿ 1464 ಹಾಕಿ ಇನ್ನೊಮ್ಮೆ ಮಾಡಿ. ಅದು ಒಟ್ಟು 1492. ಮೊದಲನೆಯದು ಸತ್ತು ಎರಡನೆಯದು ಬದುಕಿದರೆ ಕೇಸು ಮುಗಿಯಿತು.

ತೋಟದಂಚು
ಜೂನ್ 12, ರಾತ್ರಿ 10:32

1472ಕ್ಕೆ ನಾಲ್ಕಕ್ಕೆ ನಾಲ್ಕೂ 'ರಿಕ್ವೆಸ್ಟ್ ಟೈಮ್ಡ್ ಔಟ್'. 1464ಕ್ಕೆ ನಾಲ್ಕಕ್ಕೆ ನಾಲ್ಕೂ ಉತ್ತರ ಬಂತು.

1465 ಕೂಡ ಹಾಕಿ ನೋಡಿದೆ, ಸುಮ್ನೆ ಕುತೂಹಲಕ್ಕೆ. ಬರಲಿಲ್ಲ! ಒಂದೇ ಒಂದು ಬೈಟಿಗೆ!

ಮಾಗೋಡು
ಜೂನ್ 12, ರಾತ್ರಿ 10:36

ಆ 1465 ಹಾಕಿದ್ದು ನೋಡಿ ಖುಷಿ ಆಯಿತು. ನೀವು ತೋಟ ಬಿಟ್ಟು ಈ ಕೆಲಸಕ್ಕೆ ಬರಬಹುದು.

ಈಗ ಬ್ರೌಸರ್‌ನಲ್ಲಿ 192.168.1.1 ಅಥವಾ 192.168.0.1 ಹೊಡೆಯಿರಿ. ಯಾವುದು ಅಂತ ರೂಟರ್‌ನ ಹೊಟ್ಟೆ ಕೆಳಗಿನ ಚೀಟಿಯಲ್ಲಿ ಇರುತ್ತದೆ, ಪಾಸ್‌ವರ್ಡೂ ಅಲ್ಲೇ. ಒಳಗೆ ವ್ಯಾನ್ ಅಥವಾ ಇಂಟರ್‌ನೆಟ್ ಅನ್ನುವ ಪುಟದಲ್ಲಿ ಎಂಟಿಯು ಹುಡುಕಿ. ಕೆಲವದರಲ್ಲಿ 'ಅಡ್ವಾನ್ಸ್ಡ್' ಒತ್ತಿದ ಮೇಲೆ ಕಾಣುತ್ತದೆ. ಎಷ್ಟಿದೆ ಹೇಳಿ. ಯೂಸರ್ ನೇಮ್, ಪಾಸ್‌ವರ್ಡ್ ಮುಟ್ಟಬೇಡಿ.

ತೋಟದಂಚು
ಜೂನ್ 12, ರಾತ್ರಿ 11:03

1500 ಇತ್ತು. 1492 ಮಾಡಿ ಸೇವ್ ಒತ್ತಿದೆ. ರೂಟರ್ ಬಂದ್ ಆಗಿ ಎದ್ದಿತು.

ಎಲ್ಲಾ ಬಂತು. ಎಲ್ಲಾ ಎಲ್ಲಾ ಬಂತು. ಅಪ್ಪಯ್ಯ ಮಲಗಿದ್ದರು, ಎಬ್ಬಿಸಿ ರಾಶಿ ರೇಟು ತೋರಿಸಿದೆ. 'ಇಷ್ಟೇನಾ' ಅಂದು ಮತ್ತೆ ಮಲಗಿದರು.

ಬಿಡ್ಕಿಬೈಲ್
ಜೂನ್ 12, ರಾತ್ರಿ 11:10

ಒಪ್ಪಿಕೊಂಡೆ. ಇನ್ನು ಮೇಲೆ ಕಷಾಯ ಕೊಡುವ ಮೊದಲು ನಾಲಿಗೆ ನೋಡುತ್ತೇನೆ. ಆದರೆ ಒಂದು ಮಾತು, ಹೊಸ ರೂಟರ್ ಪಿಪಿಪಿಒಇ ಹಾಕಿದ ತಕ್ಷಣ ತಾನಾಗಿಯೇ 1492 ಮಾಡಿಕೊಳ್ಳಬೇಕಲ್ಲ? ನನ್ನದು ಹಾಗೇ ಮಾಡಿತ್ತು. ನಿಮ್ಮದರಲ್ಲಿ 1500 ಎಲ್ಲಿಂದ ಬಂತು?

ತೋಟದಂಚು
ಜೂನ್ 13, ಬೆಳಿಗ್ಗೆ 7:30

ಈ ಪ್ರಶ್ನೆ ಯಾರೂ ಕೇಳದಿರಲಿ ಅಂದುಕೊಂಡಿದ್ದೆ.

ಬೆಳಿಗ್ಗೆ ದೋಸೆ ತಿನ್ನುವಾಗ ಮಾಣಿಯನ್ನು, ಅಕ್ಕನ ಮಗನನ್ನು, ಕೇಳಿದೆ. ಮೊದಲು ಇಲ್ಲ ಅಂದ. ಎರಡನೇ ದೋಸೆಗೆ ಒಪ್ಪಿಕೊಂಡ. ಆಟಕ್ಕೆ ಸ್ಪೀಡ್ ಬರಲಿ ಅಂತ ಯೂಟ್ಯೂಬ್‌ನಲ್ಲಿ ಒಂದು ವಿಡಿಯೋ ನೋಡಿದನಂತೆ. 'ರೂಟರ್‌ನಲ್ಲಿ ಈ ನಂಬರ್ 1500 ಮಾಡಿ, ಸ್ಪೀಡ್ ಡಬಲ್' ಅಂತ ಅದರಲ್ಲಿ ಹೇಳಿದರಂತೆ. 1492ಕ್ಕಿಂತ 1500 ದೊಡ್ಡದಲ್ಲವಾ ಮಾವ ಅಂತ ನನ್ನನ್ನೇ ಕೇಳುತ್ತಾನೆ. ಯೂಟ್ಯೂಬ್ ಮಾತ್ರ ಓಡುತ್ತಿದ್ದುದರಿಂದ ಅವನಿಗೆ ತೊಂದರೆ ಗೊತ್ತೇ ಆಗಲಿಲ್ಲ. ಅವನು ನೋಡುವುದು ಅದೊಂದೇ.

ನಾನು ಬೈಯಲು ಹೊರಟೆ. ಅಕ್ಕ ಅಡ್ಡ ಬಂದಳು, 'ರೂಟರ್ ಜೋಡಿಸಿಕೊಟ್ಟದ್ದೂ ಅವನೇ' ಅಂದಳು. ಅದೂ ಸರಿ.

ಪ್ರಿಂಟ್ ಅಂಗಡಿ
ಜೂನ್ 13, ಬೆಳಿಗ್ಗೆ 8:15

ಮಾಣಿಗೆ ಬೈಯಬೇಡಿ. 8 ಬೈಟು ಹೆಚ್ಚು ಮಾಡಿದರೆ ಸ್ಪೀಡ್ ಡಬಲ್ ಆಗುವುದಾದರೆ ನಾವೆಲ್ಲ ಹಾರಿ ಹೋಗುತ್ತಿದ್ದೆವು. ನೂರಕ್ಕೆ ಒಂದರಷ್ಟೂ ವ್ಯತ್ಯಾಸ ಬರುವುದಿಲ್ಲ ಅಂತ ಲೆಕ್ಕ ಹಾಕಿಸಿ, ಅದೇ ಶಿಕ್ಷೆ.

ಕಡವು
ಜೂನ್ 13, ಬೆಳಿಗ್ಗೆ 9:00

ಇದೇ ಎಳೆಯಲ್ಲಿ ನನ್ನದೊಂದು. ಅಮ್ಮನ ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್ 7. ಅಲ್ಲಿ ಕೆಲವು ಸೈಟು ಬರುತ್ತದೆ, ಕೆಲವದು ಅಡ್ಡಾದಿಡ್ಡಿ ಬರುತ್ತದೆ, ಕೆಲವದರಲ್ಲಿ ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ. ಅದಕ್ಕೂ 1492 ಹಾಕಲಾ?

ಪ್ರಿಂಟ್ ಅಂಗಡಿ
ಜೂನ್ 13, ಬೆಳಿಗ್ಗೆ 9:25

ಅಯ್ಯೋ, ಈಗ 1492 ಹೊಸ ಕಷಾಯ ಆಗದಿರಲಿ!

ನಿಮ್ಮದು ಬೇರೆ ಕಥೆ. ವಿಂಡೋಸ್ 7ಗೆ ಸಿಕ್ಕಿದ ಕೊನೆಯ ಕ್ರೋಮ್ 109. 2023ರ ಫೆಬ್ರವರಿಯಲ್ಲಿ 110 ಬಂತು, ಅದಕ್ಕೆ ವಿಂಡೋಸ್ 10 ಬೇಕು. ಕ್ರೋಮ್ ಮೆನುವಿನ 'ಅಬೌಟ್'ನಲ್ಲಿ 109 ಇದ್ದರೆ ಅದೇ ಕಾರಣ. ಹೊಸ ಸೈಟುಗಳು ಹೊಸ ಭಾಷೆ ಆಡುತ್ತವೆ, ಹಳೇ ಬ್ರೌಸರ್‌ಗೆ ಅರ್ಧ ತಿಳಿಯುತ್ತದೆ, ಅರ್ಧ ತಿಳಿಯುವುದಿಲ್ಲ. ಸೆಟ್ಟಿಂಗ್ ಬದಲಿಸಿ ಉಪಯೋಗ ಇಲ್ಲ. ತಾತ್ಕಾಲಿಕಕ್ಕೆ ಫೈರ್‌ಫಾಕ್ಸ್‌ನ 115ರ ಇಎಸ್‌ಆರ್ (ಹೆಚ್ಚು ಕಾಲ ನಡೆಸುವ ಆವೃತ್ತಿ) ಹಾಕಬಹುದು, ಅದು ವಿಂಡೋಸ್ 7ರಲ್ಲಿ ಓಡುತ್ತದೆ. ಆದರೆ ವಿಂಡೋಸ್ 7ಗೆ ಮೈಕ್ರೋಸಾಫ್ಟ್‌ನ ರಕ್ಷಣೆ ನಿಂತದ್ದು 2020ರ ಜನವರಿ 14ಕ್ಕೆ. ಅದರಲ್ಲಿ ಬ್ಯಾಂಕಿನ ಕೆಲಸ ಮಾತ್ರ ಮಾಡಬೇಡಿ ಅಂತ ಅಮ್ಮನಿಗೆ ಹೇಳಿ. ನನ್ನ ಅಂಗಡಿಗೆ ಬಂದವರಿಗೆ ನಾನು ಇಂಥ ಹಳೇ ಪೆಟ್ಟಿಗೆಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಡುತ್ತೇನೆ. ಅರ್ಧ ಜನ ಬೈಯುತ್ತಾರೆ, ಅರ್ಧ ಜನ ವ್ಯತ್ಯಾಸವನ್ನೇ ಗಮನಿಸುವುದಿಲ್ಲ.

ಕಾನಸೂರು ದಾರಿ
ಜೂನ್ 13, ಬೆಳಿಗ್ಗೆ 10:10

ಒಂದು ಸಂಶಯ. ಫೈಬರ್ ಅಂದರೆ ಗಾಜು. ಗಾಜಿನಲ್ಲಿ ಸಿಡಿಲು ಬರುವುದಿಲ್ಲ ಅಂತ ಜೋಡಿಸಲು ಬಂದವರು ಹೇಳಿದ್ದರು. ಹಾಗಾದರೆ ತೋಟದಂಚಿನವರ ರೂಟರ್ ಸತ್ತದ್ದು ಹೇಗೆ?

ಮಾಗೋಡು
ಜೂನ್ 13, ಬೆಳಿಗ್ಗೆ 10:45

ಗಾಜಿನಲ್ಲಿ ಬರುವುದಿಲ್ಲ, ನಿಜ. ಹಳೇ ತಾಮ್ರದ ಟೆಲಿಫೋನ್ ವಯರಿಗಿಂತ ಎಷ್ಟೋ ವಾಸಿ. ಆದರೆ ರೂಟರ್‌ಗೆ ಅಡಾಪ್ಟರ್ ಇದೆಯಲ್ಲ, ಕರೆಂಟ್ ಲೈನಿನಿಂದ ಬರಬಹುದು. ಇನ್ನೊಂದು, ಮರದಿಂದ ಮರಕ್ಕೆ ಎಳೆಯುವ ಕೇಬಲ್‌ನಲ್ಲಿ ಗಾಜಿನ ಎಳೆಯ ಜೊತೆ ಜಗ್ಗು ತಾಳಲಿ ಅಂತ ಉಕ್ಕಿನ ತಂತಿಯೂ ಇರುತ್ತದೆ. ಅದು ಮನೆಯೊಳಗೆ ಪೆಟ್ಟಿಗೆಯವರೆಗೂ ಬಂದಿದ್ದರೆ ಒಳ್ಳೆಯದಲ್ಲ. ಆ ತಂತಿಯನ್ನು ಹೊರಗೆ ಮಾಡಿನ ಅಂಚಿನಲ್ಲೇ ಕೊಕ್ಕೆಗೆ ಕಟ್ಟಿ ಕತ್ತರಿಸಿ, ಗಾಜಿನ ಎಳೆ ಮಾತ್ರ ಒಳಗೆ ತರಬೇಕು. ಲೈನಿನವರು ಬಂದಾಗ ಹೇಳಿ ಮಾಡಿಸಿ, ನೀವೇ ಇಕ್ಕಳ ಹಿಡಿಯಬೇಡಿ. ಎಳೆ ತುಂಡಾದರೆ ಜೋಡಿಸಲು ಬೇರೆ ಯಂತ್ರ ಬೇಕು.

ಗುಡುಗು ಶುರುವಾದಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಪಿನ್ನೇ ಕೀಳಿ. ರೂಟರ್ ಮತ್ತು ಕಂಪ್ಯೂಟರ್ ನಡುವಿನ ಲ್ಯಾನ್ ವಯರನ್ನೂ ಕೀಳಿ. ಅದು ತಾಮ್ರ.

ಕಾಳಿದಂಡೆ
ಜೂನ್ 13, ಬೆಳಿಗ್ಗೆ 11:02

ಕೀಳುವಾಗ ಪಿನ್ನು ಒಮ್ಮೆ ನೋಡಿ. ಹಸಿರು ಇದ್ದರೆ ನನ್ನನ್ನು ನೆನಪಿಸಿಕೊಳ್ಳಿ.

ತೋಟದಂಚು
ಜೂನ್ 15, ಬೆಳಿಗ್ಗೆ 6:50

ನಿನ್ನೆ ರಾತ್ರಿ ಗಾಳಿಮಳೆಗೆ ಮತ್ತೆ ಕರೆಂಟ್ ಹೋಯಿತು. ಮಾಗೋಡಿನವರು ಹೇಳಿದಂತೆ ಪಿನ್ನು, ಲ್ಯಾನ್ ವಯರು ಎಲ್ಲಾ ಕಿತ್ತಿಟ್ಟಿದ್ದೆ. ಬೆಳಿಗ್ಗೆ ಜೋಡಿಸಿ ಹಚ್ಚಿದರೆ ಒಂದು ಪುಟವೂ ಇಲ್ಲ. ಎದೆ ಧಸಕ್ ಅಂದಿತು.

ಓದಿದೆ. 'ನಿಮ್ಮ ಗಡಿಯಾರ ಹಿಂದಿದೆ.' ಮತ್ತೆ 2012ರ ಜನವರಿ 1.

ಬ್ಯಾಟರಿ ತರುವುದನ್ನೇ ಮರೆತಿದ್ದೇನೆ. ಇವತ್ತು ಪೇಟೆಗೆ ಹೊರಟಿದ್ದೇನೆ, ಎರಡು ತರುತ್ತೇನೆ.

ಕಾನಸೂರು ದಾರಿ
ಜೂನ್ 15, ಬೆಳಿಗ್ಗೆ 7:05

ಪೇಟೆಗೆ ಹೋಗುವವರು ಮೈಲುತುತ್ತ ಕೆಜಿಗೆ ಎಷ್ಟು ಅಂತ ಕೇಳಿಕೊಂಡು ಬನ್ನಿ. ಕೊನೆಗೌಡನ ನಂಬರ್ ಇನ್ನೂ ಕೊಟ್ಟಿಲ್ಲ ನೀವು.